ಬಸವರಾಜ ಅನ್ನೋ ಹೆಸರು

ನಮ್ಮ ಕಡೆ ಓಣ್ಯಾಗ ನಿಂತು "ಬಸೂ" ಅಂತ ಒಂದ ಸಲ ಕೂಗಿದ್ರ ನಾಕು ಮನಿ ಬಾಗಿಲಾ ತೆರೀತಾವ. ಬಸಪ್ಪ, ಬಸಣ್ಣ, ಬಸವರಾಜ, ಗುರುಬಸಪ್ಪ, ಸಂಗನಬಸಪ್ಪ. ಹೆಣ್ಮಕ್ಕಳನೂ ಬಿಟ್ಟಿಲ್ಲ, ಬಸವ್ವ, ಬಸಮ್ಮ ಅಂತ ಇಟ್ಟಾರ. ಆದ್ರ ಈಗಿನ ತೊಟ್ಟಿಲದಾಗ ಈ ಹೆಸರು ಕಡಿಮಿ ಆಗೇತಿ. ನಮ್ಮ ಮನ್ಯಾಗೂ ಕೂಸಿಗೆ ಮುತ್ತ್ಯಾನ ಹೆಸರು ಇಡೂಣು ಅಂದ್ರ, "ಸಾಲ್ಯಾಗ ಬಸ್ಯಾ ಅಂತ ಕರೀತಾರ, ಅರ್ಥನೂ ಎತ್ತು" ಅಂತ ಮೂಗು ಮುರದ್ರು. ಅದಕ್ಕ ಬರಿಯಾಕತ್ತೇನಿ.

ಅರ್ಥ ಅದ ಖರೆ. ಸಂಸ್ಕೃತದ ವೃಷಭ ಪ್ರಾಕೃತದಾಗ ವಸಹ ಆಗಿ, ಕನ್ನಡದಾಗ ಬಸವ ಆತು. ವನ ಬನ ಆದಂಗ, ವಸತಿ ಬಸದಿ ಆದಂಗ. ಆದ್ರ ಬಸವ ಅಂದ್ರ ನೊಗ ಹೊರೋ ಎತ್ತಲ್ಲ, ಗೂಳಿ. ದೇವರ ಹೆಸರಿಲೆ ಬಿಟ್ಟ ಗೂಳಿಗೆ ಹಂಗ ಅಂತಾರ. ಅದು ಯಾರ ಹೊಲದಾಗ ಬಾಯಿ ಹಾಕಿದ್ರೂ ಬಡಗಿ ಎತ್ತೂಹಂಗಿಲ್ಲ. ಶಿವನ ಮುಂದ ಕುಂತ ನಂದಿನೂ ಬಸವಣ್ಣನ. ಮಳಿಗಾಲದಾಗ ಗ್ವಾಡಿ ಹತ್ತೋ ಹುಳಕ್ಕೂ ಬಸವನಹುಳ ಅಂತೀವಿ, ತಲಿಮ್ಯಾಲೆ ಕೋಡಿನಂಥವು ಅದಾವಲ್ಲ!

ಮನಶ್ಯಾರ ಹೆಸರಾಗಿ ಇದು ಇಷ್ಟು ಹಬ್ಬಿದ್ದು 12ನೇ ಶತಮಾನದ ಬಸವಣ್ಣನಿಂದ. ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗ. ಮುಂದ ಕಲ್ಯಾಣದಾಗ ಬಿಜ್ಜಳನ ಭಂಡಾರಿ. ತಾಯಿ ನಂದಿ ವ್ರತ ಹಿಡದಿದ್ಲು, ನಂದಿನ ಹೊಟ್ಟಿಲೆ ಬಂದ, ಅದಕ್ಕ ಬಸವ ಅಂತ ಕರದ್ರು ಅಂತ ಬಸವಪುರಾಣದ ಕಥಿ. ಪಾಲ್ಕುರಿಕೆ ಸೋಮನಾಥ ಅದನ್ನ ತೆಲುಗಿನ್ಯಾಗ ಬರದ, ಭೀಮಕವಿ 1369ರಾಗ ಕನ್ನಡಕ್ಕ ತಂದ. ತಾಯಿ ಹರಕಿಯಿಂದ ಬಂದ ಹೆಸರು ಅನ್ನೋದು ನನಗ ಭಾಳ ಸೇರ್ತೈತಿ. ಅಕ್ಕ ನಾಗಮ್ಮನ ಮಗ ಚನ್ನಬಸವಣ್ಣ. ಅಂದ್ರ ಒಂದ ಮನ್ಯಾಗ ಮಾವಗೂ ಅಳಿಯಗೂ ಅದ ಹೆಸರು. ಕೊನಿಗಿನ "ರಾಜ" ಈಗಿನವ್ರು ಶೋಕಿಗೆ ಹಚ್ಚಿದ್ದಲ್ಲ, ಹರಿಹರ ಕವಿಯ ರಗಳೆಯ ಹೆಸರ "ಬಸವರಾಜದೇವರ ರಗಳೆ".

ಎತ್ತು ಅಂದ್ರ ಹುಡುಗರಿಗೆ ನಗಿ ಬರೋದು ಯಾಕಂದ್ರ ಮನಿಮುಂದ ಈಗ ಟ್ರ್ಯಾಕ್ಟರ್ ನಿಂತಾವ. ಮದ್ಲ ಎತ್ತು ಸತ್ರ ಆ ಮನ್ಯಾಗ ಅವತ್ತು ಒಲಿ ಹಚ್ಚತಿರಲಿಲ್ಲ. ಕಾರಹುಣ್ಣಿವಿ ಆಗಿ ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾಸಿ ಬರ್ತೈತಿ, ಜೋಡಿ ಮಣ್ಣೆತ್ತು ಜಗಲಿಮ್ಯಾಲೆ ಇಟ್ಟು ಕಡಬು ಎಡಿ ಹಿಡೀತೀವಿ. ಅದ ಎತ್ತಿನ ಹೆಸರು ಕೂಸಿಗೆ ಬ್ಯಾಡ ಅಂದ್ರ ಹೆಂಗವ್ವಾ?

ಉದ್ದ ಆತು ಅನ್ನೋರು ಬರೇ "ಬಸವ" ಅಂತ ಇಡ್ರಿ. ಮೂರ ಅಕ್ಷರ, ಒತ್ತಿಲ್ಲ, ದೀರ್ಘಿಲ್ಲ, ಕೂಸು ಬಾಲವಾಡ್ಯಾಗ ತಾನ ಬರಕೋತೈತಿ.