ಭಟ್ಕಳದ ವ್ಯಾಪಾರಿಗಳು ಮತ್ತು ಮರಳುಗಾಡಿನ ಮನೆ

ಭಟ್ಕಳ, ಹೊನ್ನಾವರಗಳಿಗೂ ಅರಬ್ ನಾಡಿಗೂ ಇರುವ ನಂಟು ಪೆಟ್ರೋಲಿಗಿಂತ ಬಹಳ ಹಳೆಯದು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಹೇಳಿದ್ದಾನೆ. ವಿಜಯನಗರದ ಕಾಲದಲ್ಲಿ ಭಟ್ಕಳದಲ್ಲಿ ಕುದುರೆಗಳು ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಹಡಗೇರುತ್ತಿದ್ದವು. ಈ ಕಡಲ ವ್ಯಾಪಾರದಲ್ಲೇ ನವಾಯತ ಎಂಬ ಮುಸ್ಲಿಂ ಸಮುದಾಯ ಇಲ್ಲಿ ಬೇರೂರಿತು.

1970ರ ದಶಕದ ತೈಲ ಬೆಲೆಯ ಏರಿಕೆಯ ನಂತರ ಭಟ್ಕಳದವರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿಗೆ ಹೊರಟರು. ಗಳಿಕೆ ಊರಿಗೇ ಬಂತು. ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡಿನ ಮನೆಗಳ ನಡುವೆ ಕಾಂಕ್ರೀಟಿನ ಬಂಗಲೆಗಳೆದ್ದವು. ಇದನ್ನು ಬರೀ ಆಡಂಬರವೆನ್ನುವುದು ಅವಸರದ ಮಾತು. ಕೊಲ್ಲಿಯ ದುಬೈಯಲ್ಲಿ ವಿದೇಶಿಯರು ಎಷ್ಟೇ ದುಡಿದರೂ ಸಾಮಾನ್ಯವಾಗಿ ಬಾಡಿಗೆದಾರರಾಗಿಯೇ ಇರಬೇಕಿತ್ತು; ತಮ್ಮದೆನ್ನುವ ಮನೆಯನ್ನು ಊರಿನಲ್ಲೇ ಕಟ್ಟಬೇಕಿತ್ತು.

ಅದೇ ದುಬೈಯಲ್ಲಿ 1988ರಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ ಮರಳಿನ ಮೇಲೆ ಹುಲ್ಲು ಬೆಳೆಸಿತು. ಮರಳುಗಾಡಿನಲ್ಲಿ ಅಂಥ ಹುಲ್ಲುಹಾಸಿಗೆ ದಿನವೂ ನೀರುಣಿಸಬೇಕು, ಆದ್ದರಿಂದ ಹಸಿರೇ ಅಲ್ಲಿ ಐಶ್ವರ್ಯದ ಗುರುತಾಯಿತು. 2002ರಲ್ಲಿ ಗೊತ್ತುಪಡಿಸಿದ ಬಡಾವಣೆಗಳಲ್ಲಿ ವಿದೇಶಿಯರಿಗೆ ಪೂರ್ಣ ಒಡೆತನದ ಮಾರಾಟ ತೆರೆಯಿತು. 2006ರ 7ನೆಯ ಕಾನೂನು ಅದಕ್ಕೆ ನೋಂದಣಿಯ ಬಲ ಕೊಟ್ಟಿತು. ಇನ್ನೊಂದು ಗಾಲ್ಫ್ ಮೈದಾನದ ಸುತ್ತ ಕಾವಲಿನ ಗೇಟಿನೊಳಗೆ ಎದ್ದ ಎಮಿರೇಟ್ಸ್ ಹಿಲ್ಸ್‌ನ ವಿಲ್ಲಾಗಳನ್ನು ಭಾರತೀಯ ಶ್ರೀಮಂತರೂ ಕೊಂಡರು. ಆದರೆ ಮನೆಯ ಪತ್ರದೊಂದಿಗೆ ಪೌರತ್ವ ಬರುವುದಿಲ್ಲ.