ಜರ್ಮನಿಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದು: ಹಣ ಕಟ್ಟುವ ಮೊದಲು

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಹೆಸರಾದ ಊರು. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟಗಳ ಈ ಸೀಮೆಯಿಂದ ಎಂಜಿನಿಯರಿಂಗ್ ಓದಲು ದಾವಣಗೆರೆಗೆ, ಕೃಷಿ ಪದವಿಗೆ ಶಿವಮೊಗ್ಗಕ್ಕೆ ಹೋಗುವುದು ವಾಡಿಕೆ. ಅದರ ಮುಂದಿನ ಓದಿಗೆ ಜರ್ಮನಿಯ ಹೆಸರು ಬಂದಾಗ ಮನೆಯಲ್ಲಿ ಮೊದಲು ಕೇಳುವ ಮಾತು ‘ಅಲ್ಲಿ ಓದು ಪುಕ್ಕಟೆಯಂತೆ’ ಎಂಬುದು. ಏಜೆಂಟರ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಅದೇ ಓದಿಗೆ ವರ್ಷಕ್ಕೆ ಹತ್ತು, ಹದಿನೈದು ಲಕ್ಷ ಶುಲ್ಕ ಎಂಬ ಕಾಗದ ಕೈಗೆ ಬರುತ್ತದೆ. ಎರಡೂ ಸುಳ್ಳಲ್ಲ. ಮೊದಲನೆಯದು ಸರ್ಕಾರಿ ವಿಶ್ವವಿದ್ಯಾಲಯದ ಮಾತು, ಎರಡನೆಯದು ಖಾಸಗಿಯದು.

ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುತೇಕ ಕೋರ್ಸ್‌ಗಳಿಗೆ ಬೋಧನಾ ಶುಲ್ಕ ಪಡೆಯುವುದಿಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೊ ವಂತಿಗೆ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂತಹ ಹೊರದೇಶದವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ಸಂಸ್ಥೆಗಳ ಲೆಕ್ಕವೇ ಬೇರೆ. ಬ್ರೆಮೆನ್ ನಗರದ ಕನ್‌ಸ್ಟ್ರಕ್ಟರ್ ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ ಸುಮಾರು 20,000 ಯೂರೊ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಅದು 20 ಲಕ್ಷ.

ಇನ್ನು ‘ಅಗ್ಗದ ನಗರ’ ಎಂಬ ಮಾತು. ಪೂರ್ವ ಜರ್ಮನಿಯ ಲೈಪ್‌ಜಿಗ್ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ಕಾರು ಮಂದಿ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ ತಿಂಗಳಿಗೆ 800 ಯೂರೊ ಆಸುಪಾಸು ಆದರೆ ಇಲ್ಲಿ ಸರಿಸುಮಾರು ಅದರ ಅರ್ಧ. ಆದರೆ ಈ ಉಳಿತಾಯ ಸರ್ಕಾರಿ ವಿದ್ಯಾರ್ಥಿಗೂ ಖಾಸಗಿ ವಿದ್ಯಾರ್ಥಿಗೂ ಒಂದೇ. 1409ರಲ್ಲಿ ಸ್ಥಾಪನೆಯಾದ ಲೈಪ್‌ಜಿಗ್ ವಿಶ್ವವಿದ್ಯಾಲಯ ಸರ್ಕಾರಿಯದು. ಅದೇ ಊರಿನ ಎಚ್‌ಎಚ್‌ಎಲ್ ಖಾಸಗಿ ಮ್ಯಾನೇಜ್‌ಮೆಂಟ್ ಸಂಸ್ಥೆ. 1898ರ ವಾಣಿಜ್ಯ ಶಾಲೆಯ ಪರಂಪರೆಯದು, ಒಳ್ಳೆಯ ಹೆಸರೂ ಇದೆ, ಶುಲ್ಕವೂ ಇದೆ. ಬಾಡಿಗೆಯಲ್ಲಿ ತಿಂಗಳಿಗೆ 400 ಯೂರೊ ಉಳಿದರೆ ವರ್ಷಕ್ಕೆ 4,800. ಖಾಸಗಿ ಶುಲ್ಕ ಅದನ್ನೆಲ್ಲ ನುಂಗಿ ಮೇಲೆ ಇನ್ನಷ್ಟು ಕೇಳುತ್ತದೆ. ಅಗ್ಗದ ಊರು ಎಂಬ ಒಂದೇ ಕಾರಣಕ್ಕೆ ಖಾಸಗಿ ಸೀಟು ಅಗ್ಗವಾಗುವುದಿಲ್ಲ.

ಹಾಗಾದರೆ ಖಾಸಗಿ ಸೀಟನ್ನೇ ಏಕೆ ತೋರಿಸುತ್ತಾರೆ? ಒಂದು, ಪ್ರವೇಶ ಸುಲಭ. ಪಿಯುಸಿ ಒಂದರ ಮೇಲೆಯೇ ಸರ್ಕಾರಿ ವಿಶ್ವವಿದ್ಯಾಲಯದ ಪದವಿಗೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಇಲ್ಲಿ ಪದವಿಯ ಒಂದು ವರ್ಷವಾದರೂ ಮುಗಿಸಿರಬೇಕು, ಇಲ್ಲವೇ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಎಸ್‌ಎಸ್‌ಎಲ್‌ಸಿ ನಂತರದ ಎರಡು ವರ್ಷದ ಕೃಷಿ ಡಿಪ್ಲೊಮಾ ಇದಕ್ಕೆ ಸಾಲದು. ಎರಡು, ಸರ್ಕಾರಿ ವಿಶ್ವವಿದ್ಯಾಲಯದಿಂದ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಇಲ್ಲ, ಖಾಸಗಿಯವರಿಂದ ಉಂಟು. ‘ನಮ್ಮ ಸೇವೆ ಉಚಿತ’ ಎನ್ನುವವರನ್ನು ಕೇಳಬೇಕಾದ ಪ್ರಶ್ನೆ ಇದು.

ಖಾಸಗಿ ಎಂದ ಮಾತ್ರಕ್ಕೆ ಕಳಪೆಯಲ್ಲ. ನೋಡಬೇಕಾದದ್ದು ಅದಕ್ಕೆ ರಾಜ್ಯದ ಮಾನ್ಯತೆ ಇದೆಯೇ ಎಂಬುದನ್ನು. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಸ್ಟಾಟ್ಲಿಖ್ ಆನ್‌ಎರ್ಕಾಂಟ್’ ಎನ್ನುತ್ತಾರೆ. ಅಲ್ಲಿನ ಕುಲಪತಿಗಳ ಒಕ್ಕೂಟ ನಡೆಸುವ ‘ಹೋಖ್‌ಶೂಲ್‌ಕೊಂಪಾಸ್’ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನೂ ಕೋರ್ಸಿನ ಹೆಸರನ್ನೂ ನೀವೇ ಹುಡುಕಿ ನೋಡಿ; ಏಜೆಂಟರು ಕಳಿಸಿದ ಚಿತ್ರ ಸಾಲದು. ಕೆಲವೆಡೆ ಪಾಠ ಜರ್ಮನಿಯಲ್ಲಿ, ಪದವಿ ಕೊಡುವುದು ಬೇರೆ ದೇಶದ ವಿಶ್ವವಿದ್ಯಾಲಯ. ಇಂಥ ಪದವಿಗೆ ಭಾರತದಲ್ಲಿ ತತ್ಸಮಾನತೆ ಪಡೆಯುವಾಗ ತೊಡಕಾಗಬಹುದು. ಕೋರ್ಸು ಪೂರ್ಣಾವಧಿಯದೇ, ತರಗತಿಯಲ್ಲಿ ಕೂತು ಓದುವಂಥದೇ ಎಂದೂ ಬರಹದಲ್ಲಿ ಕೇಳಿ ಪಡೆಯಿರಿ. ಹೆಚ್ಚಿನ ಪಾಠ ಆನ್‌ಲೈನ್ ಆದರೆ ವಿದ್ಯಾರ್ಥಿ ವೀಸಾಕ್ಕೇ ಕುತ್ತು.

ಇಲ್ಲಿ ಹಲವರು ಎಡವುವ ಒಂದು ವಿಷಯವಿದೆ. ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್ 1ರಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ; ಶುಲ್ಕ 18,000 ರೂಪಾಯಿ. ಅದು ಸಿಕ್ಕಿತೆಂದರೆ ಸೇರುವ ಕಾಲೇಜು ಒಳ್ಳೆಯದು ಎಂದಲ್ಲ. ಎಪಿಎಸ್ ಪರಿಶೀಲಿಸುವುದು ನಿಮ್ಮ ಅಂಕಪಟ್ಟಿಗಳನ್ನು, ಆ ಕಾಲೇಜನ್ನಲ್ಲ.

ವೀಸಾಕ್ಕೆ ಮುಂಚೆ ‘ಬ್ಲಾಕ್ಡ್ ಅಕೌಂಟ್’ನಲ್ಲಿ ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಇದು 11,904 ಯೂರೊ, ಅಂದರೆ ಸುಮಾರು 12 ಲಕ್ಷ ರೂಪಾಯಿ. ಹಣ ನಿಮ್ಮದೇ, ಅಲ್ಲಿ ತಿಂಗಳಿಗೆ 992 ಯೂರೊನಂತೆ ಕೈಗೆ ಬರುತ್ತದೆ. ಬೋಧನಾ ಶುಲ್ಕ ಇದರಲ್ಲಿ ಸೇರಿಲ್ಲ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶವಿದೆ. ಅದರಿಂದ ಊಟ ಬಾಡಿಗೆ ಹೊಂದಿಸಬಹುದೇ ಹೊರತು ಖಾಸಗಿ ಶುಲ್ಕ ಕಟ್ಟುತ್ತೇನೆಂಬ ಲೆಕ್ಕ ನಿಲ್ಲುವುದಿಲ್ಲ. ಜರ್ಮನ್ ಬಾರದವರಿಗೆ ಕೆಲಸ ಸಿಗುವುದೇ ಕಷ್ಟ.

ಸಾಲಕ್ಕೆ ಹೊರಟವರು ತಿಳಿದಿರಲಿ: ಶಿಕ್ಷಣ ಸಾಲಕ್ಕೆ ಅಡಿಕೆ ತೋಟವನ್ನು ಅಡಮಾನವಾಗಿ ಹಲವು ಬ್ಯಾಂಕುಗಳು ಒಪ್ಪುವುದಿಲ್ಲ, ಮನೆ, ನಿವೇಶನ, ಠೇವಣಿ ಕೇಳುತ್ತವೆ. ಆಗ ಕೈಸಾಲಕ್ಕೆ ಇಳಿದರೆ ಬಡ್ಡಿಯ ಲೆಕ್ಕ ತಪ್ಪುತ್ತದೆ. 2014ರ ಜನವರಿಯಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತರ ಬಡ್ಡಿ ಸಹಾಯಧನದ ಕೇಂದ್ರ ಯೋಜನೆ ‘ಪಢೋ ಪರದೇಶ್’ 2022-23ರಲ್ಲಿ ನಿಂತುಹೋಯಿತು. ಈಗಲೂ ಅದನ್ನು ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲವಿದೆ. ಆ ವರ್ಷದ ಆದಾಯ ಮಿತಿ, ಕಾಲೇಜಿನ ಷರತ್ತುಗಳನ್ನು ದಾವಣಗೆರೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಸೀಟಿಗೆ ಹಣ ಕಟ್ಟಿ.

ಕೃಷಿ ಪದವೀಧರರಿಗೆ ಇನ್ನೊಂದು ಮಾತು. ಖಾಸಗಿ ಸಂಸ್ಥೆಗಳು ಹೆಚ್ಚಾಗಿ ಮ್ಯಾನೇಜ್‌ಮೆಂಟ್, ಕಂಪ್ಯೂಟರ್, ಡಿಸೈನ್ ಕಲಿಸುವಂಥವು, ಕೃಷಿ ಅಪರೂಪ. ಲೈಪ್‌ಜಿಗ್‌ಗೆ ರೈಲಿನಲ್ಲಿ ಹತ್ತಿರವೇ ಇರುವ ಹಾಲೆ ಊರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಭಾಗ 1863ರಿಂದಲೇ ಇದೆ, ಊರೂ ಅಗ್ಗ. ಭತ್ತ, ಅಡಿಕೆಯ ನಡುವೆ ಬೆಳೆದವರು ಅದನ್ನು ಬಿಟ್ಟು ಹೆಸರು ಕೇಳದ ಕಾಲೇಜಿನ ಎಂಬಿಎಗೆ ಹೋಗುವುದು ನನಗಂತೂ ಅರ್ಥವಾಗದು.

ಈ ಎರಡೂ ಊರು ನಮಗೆ ಪೂರ್ತಿ ಅಪರಿಚಿತವಲ್ಲ. ಜೈನ ಕಥಾಸಾಹಿತ್ಯವನ್ನು ಆಳವಾಗಿ ಅಭ್ಯಸಿಸಿದ ಯೊಹಾನೆಸ್ ಹೆರ್ಟೆಲ್ ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಹಾಲೆಯಲ್ಲಿ ಹುಟ್ಟಿ ಅವರಲ್ಲಿ ಕಲಿತ ಶಾರ್ಲೊಟೆ ಕ್ರೌಸೆ 1920ರ ದಶಕದಲ್ಲಿ ಭಾರತಕ್ಕೆ ಬಂದು ಸುಭದ್ರಾದೇವಿ ಎನಿಸಿಕೊಂಡರು. ಇಂದಿನ ವಿದ್ಯಾರ್ಥಿಗೆ ಅಲ್ಲಿನ ಕ್ಯಾಂಟೀನ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಆಲೂಗಡ್ಡೆ, ಈರುಳ್ಳಿ ಇಲ್ಲದ ಊಟ ಕಷ್ಟ. ಅಕ್ಕಿ, ಬೇಳೆ ಏಷ್ಯನ್ ಅಂಗಡಿಗಳಲ್ಲಿ ದೊರೆಯುತ್ತವೆ. ಹೊರಡುವ ಮೊದಲು ಅಡುಗೆ ಕಲಿತಿರಬೇಕು.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳ ಅರ್ಜಿಗೆ ಜುಲೈ 15 ಕೊನೆ, ಕೆಲವಕ್ಕೆ ಇನ್ನೂ ಮೊದಲೇ. ಎಪಿಎಸ್‌ಗೆ ಹಿಂದಿನ ವರ್ಷದ ಕೊನೆಯಲ್ಲೇ ಕಾಗದ ಕಳಿಸಿದವರಿಗೆ ಸರ್ಕಾರಿ ಸೀಟಿನ ದಾರಿ ತೆರೆದಿರುತ್ತದೆ. ತಡಮಾಡಿದವರಿಗೆ ಆಗಸ್ಟ್‌ನಲ್ಲಿ ಉಳಿಯುವುದು ಬಹುಮಟ್ಟಿಗೆ ಖಾಸಗಿ ಸೀಟುಗಳೇ.