ನೌಕಾಸಂಧಿಯ ಚಿಕಿತ್ಸೆ

ವೈಯಾಕರಣರಿಗೆ ಪದಗಳ ಸಂಧಿಯು ಹೇಗೋ ನಾವಿಕರಿಗೆ ಹಲಗೆಗಳ ಸಂಧಿಯು ಹಾಗೆ ವಿಚಾರಾರ್ಹವಾದುದು. ಮರದ ನಾವೆಯೊಳಕ್ಕೆ ನೀರು ಪ್ರಾಯಶಃ ಹಲಗೆಯನ್ನು ಭೇದಿಸಿ ಬರುವುದಿಲ್ಲ. ಎರಡು ಮರಗಳು ಕೂಡುವೆಡೆಯಿಂದ ಬರುತ್ತದೆ. ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ‘ಯುಕ್ತಿಕಲ್ಪತರು’ವು ಸಮುದ್ರಗಾಮಿ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಕೂಡದೆಂದೂ, ಬಂಧಿಸಿದರೆ ಅಯಸ್ಕಾಂತಶಿಲೆಗಳು ಅದನ್ನು ಸೆಳೆಯುವುವೆಂದೂ ವಿಧಿಸುತ್ತದೆ. ಕಾರಣವು ಕಲ್ಪಿತವಾದರೂ ಕಬ್ಬಿಣವಿಲ್ಲದ ನಾವೆಗಳು ಕಲ್ಪಿತವಲ್ಲ. ಅರಬ್ಬೀ ಸಮುದ್ರದ ತೀರಗಳಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವ ಸಂಪ್ರದಾಯವಿದ್ದಿತು. ಇಂತಹ ನಾವೆಗಳನ್ನು 13ನೆಯ ಶತಮಾನದಲ್ಲಿ ಮಾರ್ಕೊ ಪೋಲೋ ಹೋರ್ಮುಜಿನಲ್ಲಿ ಕಂಡು ವರ್ಣಿಸಿದ್ದಾನೆ. ಸಂದಿನ ಮೇಲೆ ನಾರಿನ ಮೆತ್ತೆಯನ್ನಿಟ್ಟು ಹೊಲಿಗೆಯಿಂದ ಅದನ್ನು ಅದುಮುವುದು ಈ ಶಿಲ್ಪದ ಮರ್ಮ.

ಈ ಮರ್ಮದ ಬೆಲೆಯು 1968ರಲ್ಲಿ ಮತ್ತೊಮ್ಮೆ ಪ್ರಕಟವಾಯಿತು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಲ್ಪಟ್ಟ, 32 ಅಡಿ ಉದ್ದದ ‘ಸುಹೈಲಿ’ ಎಂಬ ಹಾಯಿದೋಣಿಯನ್ನೇರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬಾತನು ಆ ವರ್ಷದ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಏಕಾಕಿಯಾಗಿ ಹೊರಟನು. ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡುವುದು ಆತನ ಸಂಕಲ್ಪ. ಅಟ್ಲಾಂಟಿಕ್ ಸಾಗರದಲ್ಲಿಯೇ ದೋಣಿಯ ತಳದಲ್ಲಿ ನೀರು ತುಂಬತೊಡಗಿತು. ಮುಂದೆ ದಕ್ಷಿಣ ಸಮುದ್ರದ ಘೋರ ತರಂಗಗಳಿದ್ದುವು. ದೋಷವುಳಿದರೆ ಪ್ರಾಣಕ್ಕೇ ಸಂಶಯ.

ವೈದ್ಯನು ನಿದಾನವನ್ನರಿತ ಬಳಿಕ ಔಷಧವನ್ನು ಕೊಡುವಂತೆ ಆತನು ಮೊದಲು ಮೂಲವನ್ನು ಹುಡುಕಿದನು. ನೀರಿಗಿಳಿದು ನೋಡಲಾಗಿ, ದೋಣಿಯ ಬೆನ್ನೆಲುಬಿನಂತಿರುವ ತಳಮರಕ್ಕೂ ಅದರ ಮೇಲಣ ಹಲಗೆಗೂ ನಡುವಣ ಸಂದು ಸುಮಾರು 8 ಅಡಿಯಷ್ಟು ಬಿರಿದಿತ್ತು. ದೋಣಿಯು ತೂಗಿದಂತೆ ಅದು ತೆರೆದು ಮುಚ್ಚುತ್ತಿತ್ತು. ಒಳಗಡೆಯ ಕಟ್ಟುಮರಗಳು ಸಡಿಲವಾಗಿಲ್ಲವೆಂಬುದನ್ನೂ ಆತನು ಪರೀಕ್ಷಿಸಿ ತಿಳಿದನು. ಅಂದರೆ ರೋಗವಿದ್ದುದು ಸಂಧಿಯಲ್ಲಿ, ಅಸ್ಥಿಯಲ್ಲಲ್ಲ.

ಸಂದಿಗೆ ಹತ್ತಿಯ ಹುರಿಯನ್ನು ಬಡಿದು ತುಂಬುವ ರೂಢಿಯ ಕ್ರಮವು ನೀರಿನೊಳಗೆ ಫಲಿಸಲಿಲ್ಲ. ಉಸಿರು ಸಾಲದು, ಹುರಿಯೂ ನಿಲ್ಲದು. ಆಗ ಒಂದೂವರೆ ಅಂಗುಲ ಅಗಲದ ಹಾಯಿಬಟ್ಟೆಯ ಪಟ್ಟಿಗೆ ಹತ್ತಿಯನ್ನು ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳನ್ನು ಮುಂಚಿತವಾಗಿಯೇ ಅದರಲ್ಲಿ ಚುಚ್ಚಿಕೊಂಡು, ಮತ್ತೆ ಮತ್ತೆ ಮುಳುಗಿ ಅದನ್ನು ಸಂದಿನ ಮೇಲೆ ಹೊಡೆದನು. ಅದರ ಮೇಲೆ ತಾಮ್ರದ ತಗಡನ್ನು ಹೊದಿಸಿದನು. ನಡುವೆ ಶಾರ್ಕ್ ಮೀನೊಂದು ಸುಳಿಯಲು ಅದನ್ನು ಬಂದೂಕಿನಿಂದ ಕೊಂದು, ಬೇರೆ ಮೀನುಗಳು ಬಾರದುದನ್ನು ಕಂಡ ಬಳಿಕ ಪುನಃ ನೀರಿಗಿಳಿದನು. ಮತ್ತೊಂದು ಪಾರ್ಶ್ವಕ್ಕೂ ಇದೇ ಚಿಕಿತ್ಸೆಯಾಯಿತು.

ಚಲಿಸುವ ಸಂಧಿಯನ್ನು ಕಠಿನ ದ್ರವ್ಯವೊಂದರಿಂದಲೇ ಮುಚ್ಚಿದರೆ ಅದು ಮತ್ತೆ ಬಿರಿಯುವುದು. ಒಳಗೆ ಬಗ್ಗುವ ಮೃದುವಸ್ತು, ಹೊರಗೆ ಅದನ್ನು ಅದುಮುವ ಬಂಧನ ಎಂಬ ಎರಡರ ಯೋಗವೇ ನಿಲ್ಲುವುದು. ನಾರಿನ ಮೆತ್ತೆಗೆ ಹತ್ತಿಯೂ, ಹೊಲಿಗೆಗೆ ತಾಮ್ರವೂ ಆದೇಶವಾಗಿ ಬಂದುವೇ ಹೊರತು ಸೂತ್ರವು ಬದಲಾಗಲಿಲ್ಲ.

ಹೊರಟ ಒಂಬತ್ತು ಮಂದಿ ಸ್ಪರ್ಧಿಗಳಲ್ಲಿ ‘ಸುಹೈಲಿ’ಯೊಂದೇ 1969ನೆಯ ಏಪ್ರಿಲ್ 22ರಂದು ಫಾಲ್ಮತಿಗೆ ಮರಳಿತು. ಏಕಾಕಿಯಾಗಿ, ನಿಲ್ಲದೆ ಭೂಮಿಯನ್ನು ಸುತ್ತಿದ ಪ್ರಥಮ ನಾವಿಕನೆಂಬ ಕೀರ್ತಿ ನಾಕ್ಸ್-ಜಾನ್‌ಸ್ಟನ್‌ನಿಗೆ ಸಂದಿತು. ಚರಿತ್ರಕಾರರು ನಾವಿಕರ ದಿಗ್ವಿಜಯವನ್ನು ವಿಸ್ತರಿಸುವಷ್ಟು ಸಂದು ಮುಚ್ಚುವವರ ಕೈಚಳಕವನ್ನು ವಿಸ್ತರಿಸುವುದಿಲ್ಲ. ಆದರೆ ಈ ಯಾತ್ರೆಯಲ್ಲಿ ಆ ಕೈಚಳಕವಿಲ್ಲದೆ ದಿಗ್ವಿಜಯವೇ ಇರಲಿಲ್ಲವೆಂಬುದು ನಿರ್ವಿವಾದ.